ಮೊಬೈಲಿಗೆ ಹೊರಗಿನಿಂದ ಬರುವ ಆ್ಯಪ್‌ಗಳು: ಅನುಮತಿ ಕೊಡುವ ಮುನ್ನ

ಕಾಗವಾಡ ತಾಲ್ಲೂಕಿನ ಐನಾಪುರ ಹಾಗೂ ಅದರ ಸುತ್ತಲಿನ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಕಬ್ಬು ಮುಖ್ಯ ಬೆಳೆ. ವರ್ಷವಿಡೀ ನೀರು ಗೊಬ್ಬರ ಕೊಟ್ಟು ಬೆಳೆಸಿದ ಕಬ್ಬಿನ ಹಣ ಇಂದು ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಪ್ರಧಾನಮಂತ್ರಿ ಕಿಸಾನ್ ಸಮ್ಮಾನ್ ನಿಧಿಯ ಕಂತು, ಬೆಳೆ ವಿಮೆಯ ಪರಿಹಾರ ಮುಂತಾದವು ಕೂಡ ಇದೇ ದಾರಿಯಲ್ಲಿ ಬರುತ್ತವೆ. ಈ ಖಾತೆಯ ಕೀಲಿಕೈ ಎಂದರೆ ಮೊಬೈಲ್. ಹಣ ಬಂದ ಸುದ್ದಿ ಬರುವುದೂ ಅದಕ್ಕೇ, ಹಣ ತೆಗೆಯಲು ಬೇಕಾದ ಗುಪ್ತ ಸಂಖ್ಯೆ, ಅಂದರೆ ಒಟಿಪಿ ಬರುವುದೂ ಅದಕ್ಕೇ. ಆದ್ದರಿಂದ ಮೊಬೈಲಿನೊಳಗೆ ಯಾವ ಆ್ಯಪನ್ನು ಬಿಟ್ಟುಕೊಳ್ಳಬೇಕು, ಬಿಟ್ಟುಕೊಂಡದ್ದಕ್ಕೆ ಎಷ್ಟರ ಮಟ್ಟಿಗೆ ಅನುಮತಿ ಕೊಡಬೇಕು ಎಂಬುದನ್ನು ರೈತ ಬಾಂಧವರು ಬೇಸಾಯದ ಒಂದು ಕ್ರಮವೆಂದೇ ತಿಳಿದುಕೊಳ್ಳುವುದು ಅವಶ್ಯ.

ಚೀಟಿ ಇರುವ ಬೀಜ, ಚೀಟಿ ಇಲ್ಲದ ಬೀಜ

ಬಿತ್ತನೆ ಬೀಜ ಕೊಳ್ಳುವಾಗ ರೈತರು ಚೀಲದ ಮೇಲಿನ ಚೀಟಿಯನ್ನು ನೋಡುತ್ತಾರೆ. ನೀಲಿ ಚೀಟಿ ಇದ್ದರೆ ಅದು ಪ್ರಮಾಣಿತ ಬೀಜ. ಕಬ್ಬಿನ ಬಿತ್ತನೆ ತುಂಡು ತರುವಾಗ ಅದು ಯಾರ ಹೊಲದ್ದು, ಆ ಹೊಲದಲ್ಲಿ ರೋಗವಿತ್ತೇ ಎಂದು ವಿಚಾರಿಸುತ್ತಾರೆ. ಕೆಂಪು ಕೊಳೆ ರೋಗ ತಗುಲಿದ ತುಂಡು ನಾಟಿ ಮಾಡುವ ದಿನ ಆರೋಗ್ಯವಾಗಿಯೇ ಕಾಣಬಹುದು. ರೋಗ ಹೊರಬೀಳುವ ಹೊತ್ತಿಗೆ ಹೊಲಕ್ಕೆಲ್ಲ ಹರಡಿರುತ್ತದೆ.

ಮೊಬೈಲಿನ ಆ್ಯಪ್‌ಗಳಲ್ಲಿಯೂ ಇದೇ ಎರಡು ಬಗೆಗಳಿವೆ. ಆಂಡ್ರಾಯ್ಡ್ ಮೊಬೈಲುಗಳಲ್ಲಿ ಪ್ಲೇ ಸ್ಟೋರ್ ಎಂಬ ಅಂಗಡಿ ಇರುತ್ತದೆ. ಅಲ್ಲಿನ ಆ್ಯಪ್‌ಗಳನ್ನು ಗೂಗಲ್ ಸಂಸ್ಥೆ ತಪಾಸಣೆ ಮಾಡಿ ಇಟ್ಟಿರುತ್ತದೆ. ಈ ತಪಾಸಣೆಯನ್ನು ತಪ್ಪಿಸಿಕೊಂಡು ಬಂದ ಆ್ಯಪ್‌ಗಳು ಅಲ್ಲಿಯೂ ಆಗಾಗ ಸಿಕ್ಕಿಬಿದ್ದಿವೆಯಾದರೂ ಚೀಟಿ ಇರುವ ಬೀಜದಂತೆ ಅಪಾಯ ಕಡಿಮೆ. ಎರಡನೆಯ ಬಗೆ ಎಂದರೆ ವಾಟ್ಸಾಪ್ ಸಂದೇಶ, ಎಸ್ಸೆಮ್ಮೆಸ್ ಕೊಂಡಿ ಅಥವಾ ಯಾವುದೋ ಜಾಲತಾಣದಿಂದ ನೇರವಾಗಿ ಬರುವ ಆ್ಯಪ್. ಇದು ಬರುವುದು ಎಪಿಕೆ ಎಂಬ ಕಡತದ ರೂಪದಲ್ಲಿ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುತ್ತವೆ. ಚಿತ್ರ, ವಿಡಿಯೋ, ಪತ್ರ ಇವು ಓದಿ ನೋಡುವ ವಸ್ತುಗಳು, ಎಪಿಕೆ ಹಾಗಲ್ಲ. ಅದು ಮೊಬೈಲಿನೊಳಗೆ ನೆಲೆಸಿ ತಾನೇ ಕೆಲಸ ಮಾಡುವ ಯಂತ್ರ. ಈ ವ್ಯತ್ಯಾಸ ತಿಳಿಯದಿರುವುದೇ ಅನೇಕರು ಮೋಸಹೋಗಲು ಕಾರಣ.

ವಂಚನೆ ನಡೆಯುವ ರೀತಿ

ಪ್ರಧಾನಮಂತ್ರಿ ಕಿಸಾನ್ ಯೋಜನೆ 2019ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 6,000 ರೂಪಾಯಿಗಳನ್ನು ತಲಾ 2,000 ರೂಪಾಯಿಯ ಮೂರು ಕಂತುಗಳಲ್ಲಿ ಕೊಡುವ ಈ ಯೋಜನೆಯ ಹೆಸರಿನಲ್ಲಿ ಸುಳ್ಳು ಎಪಿಕೆ ಕಡತಗಳು ದೇಶದ ಅನೇಕ ರಾಜ್ಯಗಳಲ್ಲಿ ಹರಿದಾಡಿವೆ. ವಾಹನ ದಂಡದ ಚೀಟಿ, ಬ್ಯಾಂಕಿನ ಕೆವೈಸಿ, ಮದುವೆಯ ಕರೆಯೋಲೆ ಮುಂತಾದ ಹೆಸರುಗಳಲ್ಲಿಯೂ ಬಂದಿವೆ. ಹೆಸರು ಬೇರೆಯಾದರೂ ಕೆಲಸ ಮಾಡುವ ಕ್ರಮ ಹೆಚ್ಚುಕಡಿಮೆ ಒಂದೇ.

ಐನಾಪುರದ ಕಬ್ಬು ಬೆಳೆಗಾರರೊಬ್ಬರ ಮೊಬೈಲಿಗೆ "ಕಂತು ತಡೆಹಿಡಿಯಲಾಗಿದೆ, ಕೂಡಲೇ ಕೆವೈಸಿ ಮಾಡಿ" ಎಂಬ ಸಂದೇಶವೂ ಅದರ ಜೊತೆಗೆ ಒಂದು ಎಪಿಕೆ ಕಡತವೂ ಬಂದವೆಂದು ಭಾವಿಸಿರಿ. ಕಳಿಸಿದವರು ಅಪರಿಚಿತರಲ್ಲ, ಪಕ್ಕದ ಹೊಲದವರು. ಕಡತವನ್ನು ಒತ್ತಿದೊಡನೆ "ಈ ಮೂಲದಿಂದ ಇನ್‌ಸ್ಟಾಲ್ ಮಾಡಲು ಅನುಮತಿಸುವಿರಾ?" ಎಂದು ಮೊಬೈಲ್ ಕೇಳುತ್ತದೆ. ಒಪ್ಪಿಗೆ ಕೊಟ್ಟ ಮೇಲೆ ಸರ್ಕಾರದ ಲಾಂಛನವಿರುವ ಪರದೆ ಕಾಣಿಸುತ್ತದೆ. "ಅಪ್‌ಡೇಟ್ ಮಾಡಿ" ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೊದಲನೆಯ ಆ್ಯಪ್ ತನ್ನ ಹೊಟ್ಟೆಯೊಳಗಿನ ಎರಡನೆಯ ಆ್ಯಪನ್ನು ಇನ್‌ಸ್ಟಾಲ್ ಮಾಡುತ್ತದೆ. ನಿಜವಾದ ಕಳ್ಳ ಈ ಎರಡನೆಯದು. ಅದು ಎಸ್ಸೆಮ್ಮೆಸ್, ಕರೆ, ಸಂಪರ್ಕ ಸಂಖ್ಯೆಗಳಿಗೆ ಒಂದರ ಹಿಂದೊಂದು ಅನುಮತಿ ಕೇಳುತ್ತದೆ. ಬಳಿಕ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಕಾರ್ಡಿನ ಸಂಖ್ಯೆ ತುಂಬುವ ನಮೂನೆ ಬರುತ್ತದೆ. ಕೆಲವು ಆ್ಯಪ್‌ಗಳು "1 ರೂಪಾಯಿ ಶುಲ್ಕ ಕಟ್ಟಿರಿ" ಎಂದು ಸುಳ್ಳು ಪರದೆ ತೋರಿಸಿ ಯುಪಿಐ ಪಿನ್ನನ್ನೇ ಬರೆಸಿಕೊಳ್ಳುತ್ತವೆ.

ಆಧಾರ್ ಮತ್ತು ಕಾರ್ಡಿನ ವಿವರ ಏಕೆ ಬೇಕು ಎಂಬುದನ್ನು ತಿಳಿದರೆ ವಂಚನೆಯ ಒಳಗುಟ್ಟು ಸ್ಪಷ್ಟವಾಗುತ್ತದೆ. ಯುಪಿಐ ಸೇವೆ ಆರಂಭಿಸುವಾಗ ಸಿಮ್ ಇರುವ ಮೊಬೈಲಿನಿಂದ ಒಂದು ಎಸ್ಸೆಮ್ಮೆಸ್ ಹೋಗಬೇಕು. ಹೊಸ ಪಿನ್ ಮಾಡಿಕೊಳ್ಳಲು ಕಾರ್ಡಿನ ಕೊನೆಯ 6 ಅಂಕಿಗಳು, ಅದರ ಅವಧಿ ಮತ್ತು ಒಟಿಪಿ ಬೇಕು. ಇಲ್ಲವೇ ಆಧಾರ್ ಮೂಲಕ ಬರುವ ಒಟಿಪಿ ಬೇಕು. ಎಸ್ಸೆಮ್ಮೆಸ್ ಅನುಮತಿ ಪಡೆದ ಆ್ಯಪ್ ರೈತರ ಮೊಬೈಲಿನಿಂದಲೇ ಸಂದೇಶ ಕಳಿಸಬಲ್ಲದು, ಬಂದ ಒಟಿಪಿಯನ್ನು ಓದಿ ದೂರದ ವಂಚಕನಿಗೆ ತಲುಪಿಸಬಲ್ಲದು. ಉಳಿದ ವಿವರಗಳನ್ನು ನಮೂನೆಯಲ್ಲಿ ರೈತರೇ ತುಂಬಿಕೊಟ್ಟಿರುತ್ತಾರೆ. "ಯಾರಿಗೂ ಒಟಿಪಿ ಹೇಳಬೇಡಿ" ಎಂಬ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸಿದವರೂ ಹಣ ಕಳೆದುಕೊಳ್ಳುವುದು ಹೀಗೆ. ಅವರು ಒಟಿಪಿಯನ್ನು ಬಾಯಿಬಿಟ್ಟು ಹೇಳಿರುವುದಿಲ್ಲ. ಓದಲು ಅನುಮತಿ ಕೊಟ್ಟಿರುತ್ತಾರೆ.

ಪಕ್ಕದ ಹೊಲದವರ ಸಂಖ್ಯೆಯಿಂದ ಸಂದೇಶ ಬಂದದ್ದಕ್ಕೂ ಕಾರಣ ಇದೇ. ಅವರ ಮೊಬೈಲಿಗೆ ಮೊದಲೇ ಬಾಧೆ ತಗುಲಿದ್ದು, ಅದೇ ಆ್ಯಪ್ ಅಥವಾ ವಂಚಕ ಅವರ ವಾಟ್ಸಾಪ್ ಮೂಲಕ ಪರಿಚಯದವರಿಗೂ ಗುಂಪುಗಳಿಗೂ ಕಡತ ಕಳಿಸಿರುತ್ತಾನೆ. ಆದ್ದರಿಂದ ಕಡತ ತೆರೆಯುವ ಮೊದಲು ಕಳಿಸಿದವರಿಗೆ ಸಾದಾ ಕರೆ ಮಾಡಿ "ಕಾಕಾ, ಇದನ್ನ ನೀವೇ ಕಳಿಸೀರೇನು?" ಎಂದು ಕೇಳುವುದು ಒಳ್ಳೆಯದು. ಇದರಿಂದ ಅವರ ಮೊಬೈಲಿನ ಬಾಧೆಯೂ ಬೆಳಕಿಗೆ ಬಂದೀತು.

ಅಪಾಯಕಾರಿ ಅನುಮತಿಗಳು

ಆ್ಯಪ್ ಎಷ್ಟೇ ಕೆಟ್ಟದ್ದಾದರೂ ಅನುಮತಿ ಇಲ್ಲದೆ ಅದರ ಕೈ ಉದ್ದವಾಗುವುದಿಲ್ಲ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಮುಖ್ಯ ಅನುಮತಿಗಳನ್ನು ಆ್ಯಪ್ ಪರದೆಯ ಮೇಲೆ ಕೇಳಿಯೇ ಪಡೆಯಬೇಕು. ಅವುಗಳಲ್ಲಿ ಈ ಕೆಳಗಿನವು ಹೆಚ್ಚಿನ ಎಚ್ಚರಿಕೆ ಬೇಡುತ್ತವೆ.

1. ಎಸ್ಸೆಮ್ಮೆಸ್: ಸಂದೇಶ ಕಳಿಸುವುದು, ಓದುವುದು ಎಂದು ಬೇರೆ ಬೇರೆಯಾಗಿ ಕೇಳುವುದಿಲ್ಲ, ಒಂದೇ ಅನುಮತಿಯಲ್ಲಿ ಎರಡೂ ಅಡಕವಾಗಿವೆ. ಬ್ಯಾಂಕಿಗೆ ಜೋಡಿಸಿದ ಸಿಮ್ ಇರುವ ಮೊಬೈಲಿನಲ್ಲಿ ಹೊರಗಿನ ಆ್ಯಪಿಗೆ ಇದನ್ನು ಕೊಡಲೇಬಾರದು.

2. ಅಧಿಸೂಚನೆ ಓದುವ ಅನುಮತಿ: ಪರದೆಯ ಮೇಲ್ಭಾಗದಲ್ಲಿ ಇಳಿದುಬರುವ ಸೂಚನೆಗಳನ್ನು ಓದುವ ಅಧಿಕಾರ ಇದು. ಒಟಿಪಿ ಅಲ್ಲಿಯೂ ಕಾಣುವುದರಿಂದ ಎಸ್ಸೆಮ್ಮೆಸ್ ಅನುಮತಿ ಇಲ್ಲದೆಯೂ ಕಳವು ಸಾಧ್ಯ.

3. ಆ್ಯಕ್ಸೆಸಿಬಿಲಿಟಿ: ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳಲು, ಕೈ ಆಡದವರ ಪರವಾಗಿ ಗುಂಡಿ ಒತ್ತಲು ಮಾಡಿದ ಉಪಕಾರದ ಸೌಲಭ್ಯ. ಇದನ್ನು ಪಡೆದ ಕೆಟ್ಟ ಆ್ಯಪ್ ಪರದೆಯ ಮೇಲಿನದನ್ನೆಲ್ಲ ಓದುತ್ತದೆ, ಮಾಲೀಕನ ಬದಲಿಗೆ ತಾನೇ "ಒಪ್ಪಿಗೆ" ಒತ್ತುತ್ತದೆ, ಉಳಿದ ಅನುಮತಿಗಳನ್ನೂ ತಾನೇ ಕೊಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಇದರಿಂದ.

4. ಇತರ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ: ನಿಜವಾದ ಬ್ಯಾಂಕ್ ಪರದೆಯ ಮೇಲೆ ಸುಳ್ಳು ಪರದೆ ಹೊದಿಸಿ ಪಿನ್ ಬರೆಸಿಕೊಳ್ಳಲು ಇದನ್ನು ಬಳಸುತ್ತಾರೆ.

5. ಅಪರಿಚಿತ ಆ್ಯಪ್ ಇನ್‌ಸ್ಟಾಲ್ ಮಾಡುವ ಅನುಮತಿ: ಇದು ತಾಯಿಬೇರು. ಹಳೆಯ ಮೊಬೈಲುಗಳಲ್ಲಿ ಇದಕ್ಕೆ ಇಡೀ ಮೊಬೈಲಿಗೆ ಒಂದೇ ಗುಂಡಿ ಇತ್ತು. 2017ರ ಆಂಡ್ರಾಯ್ಡ್ 8ರಿಂದ ವಾಟ್ಸಾಪ್, ಕ್ರೋಮ್, ಫೈಲ್ಸ್ ಹೀಗೆ ಒಂದೊಂದು ಆ್ಯಪಿಗೂ ಬೇರೆ ಬೇರೆಯಾಗಿ ಕೊಡಬೇಕಾಗಿದೆ. ಒಮ್ಮೆ ಕೊಟ್ಟರೆ ತೆಗೆಯುವವರೆಗೂ ಅದು ತೆರೆದ ತೂಬಿನಂತೆ ಹಾಗೆಯೇ ಇರುತ್ತದೆ.

6. ಡಿವೈಸ್ ಅಡ್ಮಿನ್: ಇದನ್ನು ಕೊಟ್ಟರೆ ಆ ಆ್ಯಪನ್ನು ಸುಲಭವಾಗಿ ಕಿತ್ತುಹಾಕಲು ಬರುವುದಿಲ್ಲ.

7. ಫೋನ್ ಮತ್ತು ಸಂಪರ್ಕಗಳು: ಬರುವ ಕರೆಗಳನ್ನು ಬೇರೆ ಸಂಖ್ಯೆಗೆ ತಿರುಗಿಸಲು, ಪರಿಚಯದವರಿಗೆ ಕಡತ ಹರಡಲು ಇವು ನೆರವಾಗುತ್ತವೆ.

ಕೆಲಸಕ್ಕೆ ತಕ್ಕ ಅನುಮತಿ

ಮಣ್ಣು ಪರೀಕ್ಷೆಯ ಫಲಿತಾಂಶ ನೋಡಿ ಬೆಳೆಗೆ ಬೇಕಾದಷ್ಟೇ ಗೊಬ್ಬರ ಕೊಡುವಂತೆ, ಆ್ಯಪಿನ ಕೆಲಸ ನೋಡಿ ಬೇಕಾದಷ್ಟೇ ಅನುಮತಿ ಕೊಡಬೇಕು. ಕರ್ನಾಟಕದಲ್ಲಿ 2020ರ ಮುಂಗಾರಿನಿಂದ ರೈತರೇ ತಮ್ಮ ಬೆಳೆಯ ಸಮೀಕ್ಷೆಯನ್ನು ಮೊಬೈಲ್ ಆ್ಯಪಿನಲ್ಲಿ ದಾಖಲಿಸುವ ವ್ಯವಸ್ಥೆ ಬಂದಿತು. ಅಂತಹ ಆ್ಯಪಿಗೆ ಹೊಲದ ಚಿತ್ರ ತೆಗೆಯಲು ಕ್ಯಾಮರಾ ಬೇಕು, ಹೊಲದಲ್ಲಿಯೇ ನಿಂತಿರುವುದನ್ನು ಖಚಿತಪಡಿಸಲು ಸ್ಥಳದ ಮಾಹಿತಿ ಬೇಕು. ಇದು ನ್ಯಾಯವಾದ ಬೇಡಿಕೆ. ಹವಾಮಾನ ತಿಳಿಸುವ ಆ್ಯಪಿಗೆ ಸ್ಥಳ ಸಾಕು. ಮಾರುಕಟ್ಟೆ ಧಾರಣೆ ತೋರಿಸುವ ಆ್ಯಪಿಗೆ ಇವು ಯಾವುವೂ ಬೇಕಿಲ್ಲ. ದ್ರಾಕ್ಷಿಯ ರೋಗದ ಮುನ್ಸೂಚನೆ ಕೊಡುತ್ತೇನೆನ್ನುವ ಆ್ಯಪ್ ಎಸ್ಸೆಮ್ಮೆಸ್ ಓದಲು ಕೇಳಿದರೆ ಅದರ ಉದ್ದೇಶ ಬೇರೆಯೇ ಇರಬೇಕೆಂದು ಸಂಶಯಪಡಬೇಕು.

ಅನುಮತಿ ಕೇಳಿದಾಗ ಸಾಮಾನ್ಯವಾಗಿ ಮೂರು ಉತ್ತರಗಳು ಕಾಣುತ್ತವೆ: "ಆ್ಯಪ್ ಬಳಸುವಾಗ ಮಾತ್ರ", "ಈ ಬಾರಿ ಮಾತ್ರ", "ಅನುಮತಿಸಬೇಡಿ". ಇವುಗಳಲ್ಲಿ "ಈ ಬಾರಿ ಮಾತ್ರ" ಎಂಬುದು ಸ್ಥಳ, ಕ್ಯಾಮರಾ ಮತ್ತು ಮೈಕ್‌ಗಳಿಗಾಗಿ 2020ರ ಆಂಡ್ರಾಯ್ಡ್ 11ರಲ್ಲಿ ಸೇರಿತು. ಸಂಶಯವಿದ್ದರೆ "ಅನುಮತಿಸಬೇಡಿ" ಎಂದು ಒತ್ತಿ ನೋಡಬೇಕು. ಒಳ್ಳೆಯ ಆ್ಯಪ್ ತನ್ನ ಉಳಿದ ಕೆಲಸವನ್ನು ಮಾಡುತ್ತದೆ. ಕೊಡದೆ ಮುಂದೆ ಹೋಗಲು ಬಿಡದೆ ಮತ್ತೆ ಮತ್ತೆ ಪೀಡಿಸುವುದು ಕೆಟ್ಟ ಆ್ಯಪಿನ ಲಕ್ಷಣ.

ಮೊಬೈಲಿನಲ್ಲಿಯೇ ಇರುವ ಕಾವಲು

ಪ್ಲೇ ಪ್ರೊಟೆಕ್ಟ್ ಎಂಬ ತಪಾಸಣಾ ವ್ಯವಸ್ಥೆ 2017ರಿಂದ ಪ್ಲೇ ಸ್ಟೋರಿನ ಭಾಗವಾಗಿದೆ. ಎಸ್ಸೆಮ್ಮೆಸ್, ಅಧಿಸೂಚನೆ, ಆ್ಯಕ್ಸೆಸಿಬಿಲಿಟಿಯಂತಹ ಸೂಕ್ಷ್ಮ ಅನುಮತಿ ಬೇಡುವ ಹೊರಗಿನ ಆ್ಯಪ್‌ಗಳನ್ನು ಇನ್‌ಸ್ಟಾಲ್ ಆಗುವ ಮೊದಲೇ ತಡೆಯುವ ಕ್ರಮವನ್ನು ಭಾರತದಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತರುವುದಾಗಿ ಗೂಗಲ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. 2022ರ ಆಂಡ್ರಾಯ್ಡ್ 13ರಿಂದ, ಕಡತದಿಂದ ಹಾಕಿಕೊಂಡ ಆ್ಯಪಿಗೆ ಆ್ಯಕ್ಸೆಸಿಬಿಲಿಟಿ ಕೊಡಲು ಹೋದರೆ "ನಿರ್ಬಂಧಿತ ಸೆಟ್ಟಿಂಗ್" ಎಂದು ಮೊಬೈಲ್ ತಡೆಯುತ್ತದೆ. ಒಳಗಿನಿಂದ ಎರಡನೆಯ ಆ್ಯಪನ್ನು ಇನ್‌ಸ್ಟಾಲ್ ಮಾಡುವ ಉಪಾಯವನ್ನು ವಂಚಕರು ಹೂಡಿರುವುದು ಈ ಬೇಲಿಯನ್ನು ದಾಟಲಿಕ್ಕೇ.

ಬೇಲಿಯನ್ನು ಮಾಲೀಕನ ಕೈಯಿಂದಲೇ ಕೀಳಿಸುವುದು ವಂಚಕರ ಇನ್ನೊಂದು ಉಪಾಯ. "ಪ್ಲೇ ಪ್ರೊಟೆಕ್ಟ್ ಬಂದ್ ಮಾಡಿ", "ನಿರ್ಬಂಧಿತ ಸೆಟ್ಟಿಂಗ್‌ಗೆ ಅನುಮತಿ ಕೊಡಿ" ಎಂದು ಕರೆ ಮಾಡಿ ಒಂದೊಂದೇ ಹೆಜ್ಜೆ ಹೇಳಿಕೊಡುತ್ತಾರೆ. ಹೀಗೆ ಹೇಳಿದವರು ಬ್ಯಾಂಕಿನವರೆಂದರೂ, ಅಧಿಕಾರಿಯೆಂದರೂ ಅಲ್ಲಿಗೇ ಕರೆ ಕಡಿಯಬೇಕು.

ಹೊರಗಿನ ಆ್ಯಪ್ ಹಾಕಿಕೊಳ್ಳಲೇಬೇಕಾದಾಗ

ಹೊರಗಿನಿಂದ ಬಂದುದೆಲ್ಲ ಕೆಟ್ಟದ್ದೆಂದು ಹೇಳಲಾಗದು. ಸಣ್ಣ ಯಂತ್ರ ತಯಾರಕರು ತಮ್ಮ ಆ್ಯಪನ್ನು ಎಪಿಕೆ ರೂಪದಲ್ಲಿ ಕೊಡುವುದುಂಟು. ನದಿ ದಂಡೆಯ ಪಂಪನ್ನು ಮನೆಯಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಇದಕ್ಕೆ ಉದಾಹರಣೆ. ರಾತ್ರಿ ಕರೆಂಟು ಬಂದಾಗ ಕತ್ತಲೆಯಲ್ಲಿ ಹೊಲಕ್ಕೆ ಹೋಗುವುದನ್ನು ಇದು ತಪ್ಪಿಸುತ್ತದೆ. ಆದರೆ ಪಂಪಿನ ಪೆಟ್ಟಿಗೆಗೆ ಎಸ್ಸೆಮ್ಮೆಸ್ ಮೂಲಕ ಆಜ್ಞೆ ಕಳಿಸುವ ಆ್ಯಪ್ ಎಸ್ಸೆಮ್ಮೆಸ್ ಅನುಮತಿಯನ್ನು ಕೇಳಿಯೇ ಕೇಳುತ್ತದೆ. ಬೇಡಿಕೆ ನ್ಯಾಯವಾದದ್ದು; ಆದರೂ ಅಪಾಯ ಅಷ್ಟೇ ಇದೆ. ಇಂತಹ ಸಂದರ್ಭದಲ್ಲಿ ಕೆಳಗಿನ ಕ್ರಮಗಳನ್ನು ಅನುಸರಿಸಬೇಕು.

1. ಅನೇಕ ಸ್ಟಾರ್ಟರ್‌ಗಳು ಸಾದಾ ಕರೆ ಅಥವಾ ಕೈಯಿಂದ ಬರೆದ ಎಸ್ಸೆಮ್ಮೆಸ್‌ನಿಂದಲೂ ನಡೆಯುತ್ತವೆ. ಆ್ಯಪ್ ಇಲ್ಲದೆ ಕೆಲಸವಾಗುವುದೇ ಎಂದು ಮಾರಾಟಗಾರರನ್ನು ಮೊದಲು ಕೇಳಬೇಕು.

2. ಆ್ಯಪ್ ಬೇಕೇ ಬೇಕೆಂದಾದರೆ ಬ್ಯಾಂಕಿಗೆ ಜೋಡಿಸದ ಬೇರೆ ಸಿಮ್ ಹಾಕಿದ ಹಳೆಯ ಮೊಬೈಲಿನಲ್ಲಿ ಅದನ್ನು ಇಟ್ಟುಕೊಳ್ಳಬೇಕು. ಆ ಮೊಬೈಲಿನಲ್ಲಿ ಯುಪಿಐ ಆ್ಯಪ್ ಇರಬಾರದು.

3. ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ಸಾಗಿ ಬಂದ ಕಡತ ಬೇಡ. ತಯಾರಕರ ಅಧಿಕೃತ ಜಾಲತಾಣದಿಂದಲೇ ಪಡೆಯಬೇಕು.

4. ಇನ್‌ಸ್ಟಾಲ್ ಆದ ಕೂಡಲೇ "ಅಪರಿಚಿತ ಆ್ಯಪ್ ಇನ್‌ಸ್ಟಾಲ್ ಮಾಡುವ" ಅನುಮತಿಯನ್ನು ಹಿಂದಕ್ಕೆ ಪಡೆಯಬೇಕು. ನೀರು ಹಾಯಿಸಿದ ಮೇಲೆ ತೂಬು ಮುಚ್ಚುವಂತೆ ಇದು ರೂಢಿಯಾಗಬೇಕು.

ತಿಂಗಳಿಗೊಮ್ಮೆ ಪರೀಕ್ಷೆ

ಹೊಲದಲ್ಲಿ ವಾರಕ್ಕೊಮ್ಮೆ ತಿರುಗಾಡಿ ಕೀಟ ನೋಡುವಂತೆ ಮೊಬೈಲನ್ನೂ ತಿಂಗಳಿಗೊಮ್ಮೆ ನೋಡಬೇಕು. ಹತ್ತು ನಿಮಿಷ ಸಾಕು. ಮೊಬೈಲಿನ ಕಂಪನಿಗೆ ತಕ್ಕಂತೆ ಹೆಸರುಗಳಲ್ಲಿ ಸ್ವಲ್ಪ ವ್ಯತ್ಯಾಸವಿರುತ್ತದೆ. ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ಹೆಸರು ಬರೆದರೆ ಬೇಕಾದ ಪುಟ ಸಿಗುತ್ತದೆ.

ಮೊದಲು "ಅಪರಿಚಿತ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡಿ" ಎಂಬಲ್ಲಿ ಯಾವ ಆ್ಯಪಿಗೂ ಅನುಮತಿ ಇಲ್ಲದಂತೆ ಮಾಡಬೇಕು. ಎರಡನೆಯದಾಗಿ "ಅನುಮತಿ ನಿರ್ವಾಹಕ"ದಲ್ಲಿ ಎಸ್ಸೆಮ್ಮೆಸ್ ಪಟ್ಟಿ ನೋಡಬೇಕು. ಅಲ್ಲಿ ಸಂದೇಶದ ಆ್ಯಪ್, ಫೋನ್, ಬ್ಯಾಂಕ್ ಹಾಗೂ ಯುಪಿಐ ಆ್ಯಪ್‌ಗಳು ಇರುವುದು ಸಹಜ. ಗುರುತಿಲ್ಲದ ಹೆಸರು ಇದ್ದರೆ ತೆಗೆಯಬೇಕು. ಮೂರನೆಯದಾಗಿ ಆ್ಯಕ್ಸೆಸಿಬಿಲಿಟಿ, ಅಧಿಸೂಚನೆ ಓದುವ ಅನುಮತಿ, ಡಿವೈಸ್ ಅಡ್ಮಿನ್ ಈ ಮೂರು ಪಟ್ಟಿಗಳನ್ನು ನೋಡಬೇಕು. ಕೊನೆಗೆ ಪ್ಲೇ ಸ್ಟೋರ್ ತೆರೆದು ಪ್ಲೇ ಪ್ರೊಟೆಕ್ಟ್ ಚಾಲೂ ಇರುವುದನ್ನು ಖಚಿತಪಡಿಸಿಕೊಂಡು ಒಮ್ಮೆ ತಪಾಸಣೆ ಮಾಡಿಸಬೇಕು.

ಬಾಧೆಯ ಲಕ್ಷಣಗಳು

ಹಾಕಿಕೊಂಡ ಆ್ಯಪಿನ ಚಿತ್ರ ಪರದೆಯಿಂದ ಮಾಯವಾಗುವುದು, ಬ್ಯಾಂಕಿನ ಸಂದೇಶಗಳು ಬರದೆ ನಿಂತುಹೋಗುವುದು, ಕರೆಗಳು ಬಾರದಿರುವುದು, ತಾವು ಕಳಿಸದ ಕಡತ ತಮ್ಮಿಂದ ಬಂದಿದೆಯೆಂದು ಪರಿಚಯದವರು ತಿಳಿಸುವುದು, ಬ್ಯಾಟರಿ ಬೇಗ ಇಳಿಯುವುದು, ಕಿತ್ತುಹಾಕಲು ಹೋದರೆ ಸೆಟ್ಟಿಂಗ್ಸ್ ಪುಟ ತಾನಾಗಿಯೇ ಮುಚ್ಚಿಕೊಳ್ಳುವುದು. ಬ್ಯಾಟರಿ ಇಳಿಯಲು ಬೇರೆ ಕಾರಣಗಳೂ ಇರಬಹುದು. ಆದರೆ ಉಳಿದವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ಹತೋಟಿ ಕ್ರಮಗಳು

ಕೆಟ್ಟ ಆ್ಯಪಿಗೆ ಅನುಮತಿ ಕೊಟ್ಟದ್ದು ಗೊತ್ತಾದ ಕೂಡಲೇ ಮಾಡಬೇಕಾದ ಕೆಲಸಗಳನ್ನು ಅನುಕ್ರಮವಾಗಿ ಇಲ್ಲಿ ಕೊಡಲಾಗಿದೆ.

1. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಕೂಡ ಬಂದ್ ಮಾಡಬೇಕು. ಮೊಬೈಲ್ ಜಾಲ, ಇಂಟರ್ನೆಟ್ ಎರಡೂ ಇಲ್ಲದೆ ಆ್ಯಪ್ ವಂಚಕನಿಗೆ ಏನನ್ನೂ ಕಳಿಸಲಾರದು.

2. ಮನೆಯವರ ಇನ್ನೊಂದು ಮೊಬೈಲಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯಿಂದ ಹಣ ಹೋಗದಂತೆ ತಡೆಯಿಸಬೇಕು.

3. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು. ಸೈಬರ್ ಹಣಕಾಸು ವಂಚನೆಗೆ ಇದು ದೇಶಕ್ಕೆಲ್ಲ ಒಂದೇ ಸಂಖ್ಯೆ. ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ ಮತ್ತು ವ್ಯವಹಾರದ ಸಂಖ್ಯೆಯನ್ನು ಕೈಯಲ್ಲಿ ಹಿಡಿದುಕೊಂಡಿರಬೇಕು. ಹಣ ವಂಚಕನ ಖಾತೆಯಿಂದ ಇನ್ನೂ ಮುಂದೆ ಹೋಗಿರದಿದ್ದರೆ ಅದನ್ನು ಅಲ್ಲಿಯೇ ತಡೆಹಿಡಿಯಿಸಲು ಸಾಧ್ಯ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

4. ಬಂದ ಸಂದೇಶ, ಕಳಿಸಿದ ಸಂಖ್ಯೆ, ಕಡತದ ಹೆಸರು ಇವುಗಳ ಚಿತ್ರವನ್ನು ಇನ್ನೊಂದು ಮೊಬೈಲಿನಿಂದ ತೆಗೆದಿಟ್ಟುಕೊಳ್ಳಬೇಕು. ಪೊಲೀಸ್ ದೂರಿಗೆ ಇವು ಆಧಾರ.

5. ಬಳಿಕ ಡಿವೈಸ್ ಅಡ್ಮಿನ್ ಮತ್ತು ಆ್ಯಕ್ಸೆಸಿಬಿಲಿಟಿ ಅನುಮತಿಗಳನ್ನು ತೆಗೆದು ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಬೇಕು. ಮೊದಲನೆಯದನ್ನಷ್ಟೇ ತೆಗೆದರೆ ಸಾಲದು. ಅದು ಹಾಕಿದ ಎರಡನೆಯದನ್ನೂ ಹುಡುಕಬೇಕು. ತೆಗೆಯಲು ಬಿಡದಿದ್ದರೆ ಮೊಬೈಲನ್ನು ಸೇಫ್ ಮೋಡಿನಲ್ಲಿ ಚಾಲೂ ಮಾಡಬೇಕು. ಆಗ ಹೊರಗಿನ ಆ್ಯಪ್‌ಗಳು ಓಡುವುದಿಲ್ಲವಾದ್ದರಿಂದ ಕಿತ್ತುಹಾಕಲು ಬರುತ್ತದೆ.

6. ದೂರು ದಾಖಲಾದ ಮೇಲೆ ಅವಶ್ಯಕ ಚಿತ್ರ, ಸಂಖ್ಯೆಗಳನ್ನು ಬೇರೆಡೆ ಉಳಿಸಿಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿಸುವುದು ಉತ್ತಮ. ಕಾಲ್ ಫಾರ್ವರ್ಡಿಂಗ್ ಆಗಿದೆಯೇ ಎಂದು ನೋಡಿ ತೆಗೆಯಬೇಕು. ಯುಪಿಐ ಪಿನ್, ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸುವುದು ಶುದ್ಧವಾದ ಮೊಬೈಲಿನಿಂದಲೇ ಆಗಬೇಕು.

ಬೇಗ ತಿಳಿಸುವುದರಲ್ಲಿ ಇನ್ನೊಂದು ಲಾಭವಿದೆ. ಗ್ರಾಹಕನ ಅಲಕ್ಷ್ಯದಿಂದ ನಷ್ಟವಾದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ತಿಳಿಸಿದ ನಂತರ ಆದ ನಷ್ಟ ಬ್ಯಾಂಕಿನದು ಎಂಬ ತತ್ತ್ವವನ್ನು ಭಾರತೀಯ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಮೋಸಹೋದೆನೆಂದು ನಾಚಿಕೊಂಡು ಎರಡು ದಿನ ಸುಮ್ಮನಿದ್ದರೆ ಆ ಎರಡು ದಿನಗಳ ನಷ್ಟವೂ ರೈತರ ಮೇಲೆಯೇ ಬೀಳುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಗಬಾರದು.

ವಿಸ್ತರಣಾ ಕಾರ್ಯಕರ್ತರಿಗೆ

ಸರ್ಕಾರದ ಕಂತು ಖಾತೆಗೆ ಬರಲು ಯಾವ ಆ್ಯಪೂ ಮೊಬೈಲಿನಲ್ಲಿ ಇರಬೇಕಾಗಿಲ್ಲ ಎಂಬ ಒಂದು ಮಾತನ್ನು ಪ್ರತಿ ಸಭೆಯಲ್ಲಿಯೂ ಹೇಳಬೇಕು. ಹಣ ಆಧಾರ್ ಜೋಡಣೆಯಾದ ಖಾತೆಗೆ ನೇರವಾಗಿ ಬರುತ್ತದೆ. ಕಿಸಾನ್ ಯೋಜನೆಯ ಇ-ಕೆವೈಸಿಯನ್ನು ಅಧಿಕೃತ ಜಾಲತಾಣದಲ್ಲಿ, ಪ್ಲೇ ಸ್ಟೋರಿನಲ್ಲಿರುವ ಅಧಿಕೃತ ಆ್ಯಪಿನಲ್ಲಿ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಮಾಡಿಸಬಹುದು. ಸಂಶಯವಿದ್ದರೆ ಯೋಜನೆಯ ಸಹಾಯವಾಣಿ 155261ಕ್ಕೆ ಕರೆ ಮಾಡಿ ಕೇಳಬಹುದು.

ರೈತರ ವಾಟ್ಸಾಪ್ ಗುಂಪುಗಳನ್ನು ನಡೆಸುವ ಕಾರ್ಯಕರ್ತರ ಮೇಲೆ ಹೆಚ್ಚಿನ ಹೊಣೆ ಇದೆ. ಅವರ ಹೆಸರಿನಲ್ಲಿ ಬಂದ ಕಡತವನ್ನು ರೈತರು ಯೋಚಿಸದೆ ತೆರೆಯುತ್ತಾರೆ. ಆದ್ದರಿಂದ ಉಪಯುಕ್ತವಾದ ಆ್ಯಪನ್ನು ಶಿಫಾರಸು ಮಾಡುವಾಗಲೂ ಎಪಿಕೆ ಕಡತ ಕಳಿಸದೆ ಪ್ಲೇ ಸ್ಟೋರಿನಲ್ಲಿನ ಹೆಸರನ್ನು ಮಾತ್ರ ತಿಳಿಸಬೇಕು. ಗುಂಪಿನಲ್ಲಿ ಯಾವುದೇ ಎಪಿಕೆ ಬಂದರೆ ಕೂಡಲೇ ಅಳಿಸಿ, ಕಳಿಸಿದವರಿಗೆ ಕರೆ ಮಾಡಿ ಎಚ್ಚರಿಸಬೇಕು. ಐನಾಪುರದಂತಹ ಗಡಿ ಭಾಗದ ಊರುಗಳಲ್ಲಿ ಸಂದೇಶ ಕನ್ನಡ, ಮರಾಠಿ, ಹಿಂದಿ ಯಾವುದರಲ್ಲಿಯಾದರೂ ಬರಬಹುದಾದ್ದರಿಂದ ಭಾಷೆ ನೋಡಿ ನಂಬುವ ರೂಢಿಯನ್ನು ಬಿಡಿಸಬೇಕು.

ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ, ಹೊಲದ ಪ್ರಾತ್ಯಕ್ಷಿಕೆಯ ಕೊನೆಯಲ್ಲಾಗಲಿ ಹತ್ತು ನಿಮಿಷ ತೆಗೆದಿಟ್ಟು, ಸೇರಿದವರೆಲ್ಲರಿಂದ ಎಸ್ಸೆಮ್ಮೆಸ್ ಅನುಮತಿಯ ಪಟ್ಟಿಯನ್ನು ತೆರೆಯಿಸಿ ನೋಡಿಸಿದರೆ ಅದೇ ಉತ್ತಮ ಪ್ರಾತ್ಯಕ್ಷಿಕೆ. ಕಬ್ಬಿನ ಹಣ ಜಮೆಯಾಗುವ ಹಂಗಾಮಿಗೆ ಮುಂಚೆಯೇ ಇದನ್ನು ಮಾಡಿಸುವುದು ಲೇಸು. ಬೆಳೆಗೆ ಬೇಲಿ ಕಟ್ಟುವುದು ಬೆಳೆ ಕೈಗೆ ಬರುವ ಮೊದಲೇ ಅಲ್ಲವೇ?